ಕಾಜಾ ಅಕ್ಕ ನಡೆದ ಕಡಲ ದಾರಿ

ಬಟ್ಟೆ ವ್ಯಾಪಾರಿಯ ಕಣ್ಣಿಗೆ ಮನುಷ್ಯರೂ ಸುತ್ತಿಟ್ಟ ಬಟ್ಟೆಯ ಥಾನುಗಳೇ. ಕಾಜಾ ಅಕ್ಕನನ್ನು ಮೊದಲ ಸಲ ಕಂಡಾಗ ಲೈನಿಂಗ್ ಬಟ್ಟೆಯ ಸಾಲಿಗೆ ಸೇರಿಸಿದ್ದೆ: ತೆಳು, ಮಾಸಲು ಬಣ್ಣ, ಒಳಗೆ ಕೂರಲಿಕ್ಕಷ್ಟೇ ಸರಿ, ಗಿರಾಕಿ ಬೆರಳಿನಿಂದ ಮುಟ್ಟಿ ನೋಡುವ ಮಾಲಲ್ಲ. ನನ್ನ ಅಂದಾಜು ತಪ್ಪುವುದು ಅಪರೂಪ. ಇಲ್ಲಿ ಪೂರಾ ತಪ್ಪಿತು.

ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಗಂಡನ ಹೊಲಿಗೆ ಮೆಷಿನ್ನು. ಅವನನ್ನು ಎಲ್ಲರೂ ಮಾಸ್ಟರ್ ಅನ್ನುತ್ತಾರೆ. ಅಳತೆ, ಕತ್ತರಿ, ಮೆಷಿನ್ನು ಅವನದು. ಗುಂಡಿ, ಅಂಚು, ಗುಂಡಿ ತೂರುವ ಕಾಜಾ ಇವಳದು. ಹೆಸರು ಬಂದದ್ದು ಅಲ್ಲಿಂದಲೇ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಸೂಜಿಯ ಮೊನೆಗಿಂತ ದೂರ ನೋಡದೆ ವರ್ಷಗಳನ್ನು ಕಳೆದವಳು.

ಒಮ್ಮೆ ಗಿರಾಕಿಯೊಬ್ಬ ಪ್ಯಾಂಟು ಗಿಡ್ಡ ಮಾಡಿಸಲು ಬಂದ. ಬಂದರಿನಿಂದ ಲೈಟ್‌ಹೌಸಿನವರೆಗೆ ಕಡಲಂಚಿನಲ್ಲೇ ಕಾಲುದಾರಿ ಇದೆ, ಯಾರೂ ಒಂದೇ ಉಸಿರಿಗೆ ನಡೆಯುವುದಿಲ್ಲ, ಕೊನೆಗೆ ಗುಡ್ಡದ ಮೆಟ್ಟಿಲು ಬಲು ಕಷ್ಟ, ರಜೆಗಿಷ್ಟು ಅಂತ ನಡೆಯುತ್ತಾರೆ ಎಂದ.

"ಬಿಟ್ಟಲ್ಲಿಂದ ಹಿಡಿದ್ರೆ ನಡೆಯುತ್ತಾ?" ಎಂದು ಅಕ್ಕ ಕೇಳಿದಳು.

"ಹಾಗೇ ಮಾಡೋದು."

"ಹಾಗಾದ್ರೆ ಅದು ನಮ್ಮ ಕೆಲಸವೇ."

ಆ ವಾರದ ರಜೆಗೇ ಗಂಡ ಹೆಂಡತಿ ಬಸ್ಸು ಹತ್ತಿದರು. ನಾನು ಬಿಡುತ್ತೇನೆಯೇ?

"ಏನಕ್ಕಾ, ಸಮುದ್ರಕ್ಕೂ ಹೆಮ್ಮಿಂಗ್ ಹಾಕೋಕೆ ಹೊರಟ್ರಾ?"

"ಅಂಚು ಬಿಚ್ಕೊಂಡಿದೆ ಅಂತ ಸುದ್ದಿ ಬಂತು ಸಾಹುಕಾರ್ರೇ. ದಾರ ನಿಮ್ಮಂಗಡೀದೇ, ಎತ್ತಿಡಿ."

ಅವಳದೊಂದು ಕ್ರಮವಿತ್ತು. ನಿಲ್ಲಿಸಿದ ಕಡೆ ಹತ್ತಿರದ ಕಂಬಕ್ಕೆ ಕೆಂಪು ಚಿಂದಿ ಕಟ್ಟುವಳು. ಮುಂದಿನ ರಜೆಗೆ ಬಂದು ಚಿಂದಿ ಬಿಚ್ಚಿ, ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಅಲ್ಲಿಂದ ಶುರು. ಹೊಲಿಯುವಾಗ ದಾರ ಮುಗಿದರೆ ಹೊಸ ದಾರವನ್ನು ಹಳೆಯ ಹೊಲಿಗೆಯ ಮೇಲೆ ಸ್ವಲ್ಪ ಹಾಯಿಸಬೇಕು, ಇಲ್ಲದಿದ್ದರೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ದಾರಿಯೂ ಅಷ್ಟೇ ಎಂಬುದು ಅವಳ ವಾದ. ಮಾಸ್ಟರ್ ಆ ಹೊತ್ತಿನಲ್ಲಿ ಬೀಡಿ ಹಚ್ಚಿ ಆಚೆ ನೋಡುತ್ತಿದ್ದ.

ದಾರಿ ಮುಗಿಯುತ್ತ ಬಂದಾಗ ಅವಳ ಉಸಿರು ಕೈಕೊಟ್ಟಿತು. ಅಂಚು ಹೊಲಿಯುತ್ತಲೇ ಸೂಜಿ ಬಿಟ್ಟು ಎದೆ ಹಿಡಿದುಕೊಳ್ಳುವಳು. ಹೃದಯದ ಕವಾಟ ಸೋರುತ್ತಿದೆ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಮೆಟ್ಟಿಲು ಹತ್ತಕೂಡದು ಎಂದರು ಡಾಕ್ಟರು. ಆಮೇಲೆ ನಡೆಯಬಹುದಾ ಎಂದರೆ "ನೋಡೋಣ" ಎಂದರು. ಆ ಮಾತಿನ ಅರ್ಥ ಅಕ್ಕನಿಗೆ ಚೆನ್ನಾಗಿ ಗೊತ್ತು. ಬಟ್ಟೆ ಯಾವಾಗ ಸಿಗುತ್ತೆ ಎಂದು ಕೇಳಿದ ಗಿರಾಕಿಗೆ ಮಾಸ್ಟರ್ ಹೇಳುವುದು ಅದನ್ನೇ. ಆಪರೇಷನ್‌ಗೆ ಮುಂಚೆ, ನಡುವೆ ಒಂದು ಹೆಜ್ಜೆಯನ್ನೂ ಬಿಡದೆ, ಲೈಟ್‌ಹೌಸ್ ಮುಟ್ಟಬೇಕು ಎಂದು ಹಟ ಹಿಡಿದಳು. ಉಳಿದದ್ದು ಒಂದು ಬಂಡೆಗುಡ್ಡ, ಅದರಾಚೆ ಬರೀ ಮರಳು. ಗುಡ್ಡದ ಈಚೆಗೆ ಕಡಿದಾದ ಮೆಟ್ಟಿಲು. ಆಚೆಗೆ ಮೆಲ್ಲಗೆ ಇಳಿಯುವ ಹುಲ್ಲುದಾರಿ.

ಒಂದು ದಿನ ಜಿಪ್ ತರುತ್ತೇನೆಂದು ಹೋದ ಮಾಸ್ಟರ್ ಪ್ಯಾಂಟಿನ ಮಡಿಕೆಯಲ್ಲಿ ಮರಳು ತುಂಬಿಕೊಂಡು ಬಂದ.

"ಏನ್ ಮಾಸ್ಟರೇ, ಜಿಪ್ಪಿನವನು ಈಗ ದಡದಲ್ಲಿ ಕೂತು ಮಾರ್ತಾನಾ?"

ಹೆಂಡತಿ ನೀರು ತರಲು ಹೋಗಿದ್ದಳು. ಅವನು ದನಿ ತಗ್ಗಿಸಿದ. "ಚಿಂದಿ ಬಿಚ್ಚಿ ಗುಡ್ಡದಾಚೆ ಕಟ್ಟಿ ಬಂದೆ. ಮೆಟ್ಟಿಲು ತಪ್ಪಿತು. ಮರಳಲ್ಲಿ ನಡೆದು ಮುಗಿಸಿಬಿಡ್ಲಿ. ಬಸ್ಸಲ್ಲಿ ಹೋದ್ರೆ ಇಳಿಯೋ ಜಾಗ ಅವಳಿಗೆ ಗುರುತು ಸಿಗುತ್ತೆ, ನಿಮ್ಮ ವ್ಯಾನ್ ತನ್ನಿ. ಹೋದ ಸಲ ಮಂಜು ಕವಿದಿತ್ತು, ಅವಳಿಗೆ ಏನೂ ಕಂಡಿಲ್ಲ."

ಕತ್ತರಿ ಹಿಡಿದವನಿಗೆ ಉದ್ದ ಕಂಡರೆ ಕೈ ತುರಿಸುತ್ತದೆ ಎಂದು ಹಾಸ್ಯ ಮಾಡಬೇಕೆಂದಿದ್ದೆ. ಅವನ ಕಣ್ಣು ಹೆಂಡತಿ ಹೋದ ಬಾಗಿಲ ಮೇಲೆಯೇ ಇತ್ತು. ವ್ಯಾನ್ ತರುತ್ತೇನೆ ಎಂದೆ.

ರಜೆಯ ದಿನ ಆಕಾಶ ಶುಭ್ರವಾಗಿತ್ತು. ವ್ಯಾನಿನಿಂದ ಇಳಿದರೆ ಕಂಬದಲ್ಲಿ ಕೆಂಪು ಚಿಂದಿ, ದೂರದಲ್ಲಿ ಬೆಳ್ಳಗೆ ಲೈಟ್‌ಹೌಸ್.

"ನೋಡು, ಬಂದೇಬಿಡ್ತು! ಮೆಟ್ಟಿಲು ಗಿಟ್ಟಿಲು ಅಂತ ಆ ಗಿರಾಕಿ ಸುಮ್ನೆ ಹೆದರಿಸಿದ್ದ," ಎಂದ ಮಾಸ್ಟರ್, ಅಗತ್ಯಕ್ಕಿಂತ ಜೋರಾಗಿ.

ಅಕ್ಕ ಚಿಂದಿ ಬಿಚ್ಚಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದಳು. ವ್ಯಾನಿನವರೆಗೆ ಯೋಚಿಸಿದ ಮಾಸ್ಟರ್ ಇದೊಂದನ್ನು ಮರೆತಿದ್ದ. ಅವನು ಕತ್ತರಿಸುವವನು, ಹಿಂದಕ್ಕೆ ಹಾಯಿಸುವುದು ಅವಳ ಕೆಲಸ. ಅವಳು ನಿಂತುಬಿಟ್ಟಳು.

"ರೀ, ಇಲ್ಲಿ ನಾನು ನಡೆದಿಲ್ಲ."

"ಅವತ್ತು ಮಂಜಿತ್ತಲ್ಲ, ನಿನಗೆ ಕಂಡಿಲ್ಲ."

"ಕಾಲಿಗೂ ಮಂಜು ಕವಿಯುತ್ತಾ? ಅವತ್ತು ಕಾಲಡಿ ಉರುಟು ಕಲ್ಲಿತ್ತು. ಇದು ಮರಳು."

"ಗಾಳಿಗೆ ಚಿಂದಿ ಹಾರಿ..."

"ಹಾರಿ ಬಂದು ತಾನೇ ಗಂಟು ಹಾಕ್ಕೊಳ್ತಾ?"

ನಾನು ವ್ಯಾನಿನ ಟೈರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಮೆಟ್ಟಿಲಲ್ಲಿ ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ಹೇಳು!" ಎಂದ ಮಾಸ್ಟರ್.

"ಬೇಡ ಅಂತ ಜಗಳ ಆಡಬೇಕಿತ್ತು. ಇಷ್ಟು ವರ್ಷ ಆಡಿಲ್ವಾ? ನನ್ನ ಕೇಳದೇನೇ ಕತ್ತರಿಸಿಬಿಟ್ರಲ್ಲ."

ಅಷ್ಟು ಹೇಳಿ ಅವಳು ಲೈಟ್‌ಹೌಸಿಗೆ ಬೆನ್ನು ಮಾಡಿ ಗುಡ್ಡದ ಕಡೆ ತಿರುಗಿದಳು. "ಡಾಕ್ಟ್ರು ಮೆಟ್ಟಿಲು ಹತ್ತಬೇಡ ಅಂದಿದ್ದಾರೆ, ಇಳೀಬೇಡ ಅಂದಿಲ್ಲ. ಯಾವ ತುದಿಯಿಂದ ಹಾಕಿದ್ರೂ ಹೊಲಿಗೆ ಹೊಲಿಗೆನೇ. ನೀವು ಇಲ್ಲೇ ಇರಿ. ಸಾಹುಕಾರ್ರು ಬರ್ತಾರೆ."

"ನಾನಾ?"

"ಅಳತೆಯಲ್ಲಿ ಕಡಿಮೆ ಮಾಡೋದನ್ನ ನಿಮಗಿಂತ ಬೇಗ ಯಾರು ಹಿಡೀತಾರೆ?"

ಹುಲ್ಲುದಾರಿಯಲ್ಲಿ ನಿಂತು ನಿಂತು ಹೋದೆವು. ಗುಡ್ಡದ ನೆತ್ತಿಯಲ್ಲಿ ಗಾಳಿ ಮಾತಾಡಲು ಬಿಡಲಿಲ್ಲ. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿ ಹಿಡಿದು ಅವಳು ಮುಂದೆ, ನಾನು ಹಿಂದೆ. ಅರ್ಧಕ್ಕೆ ಬಂದವಳು ಕುಸಿದು ಕೂತಳು. ತುಟಿ ನೀಲಿ, ಉಗುರೂ ನೀಲಿ. ಕೂಗಲು ತಿರುಗಿದರೆ ಮಾಸ್ಟರ್ ಅಲ್ಲೇ ಇದ್ದ. ನಮ್ಮ ಕಣ್ಣಿಗೆ ಬೀಳದ ಹಾಗೆ ಉದ್ದಕ್ಕೂ ಹಿಂದೆಯೇ ಬಂದಿದ್ದ. ಕೆಳಗಿನಿಂದ ಹತ್ತಿ ಬರುತ್ತಿದ್ದ ಇಬ್ಬರು ನಡಿಗೆಯವರ ಜೊತೆ ಸೇರಿ ಅವಳನ್ನು ಎತ್ತಿದೆವು. ಎತ್ತುವ ಮೊದಲು ಅವಳು ಚಿಂದಿಯನ್ನು ಕಂಬಿಗೆ ಕಟ್ಟಿದಳು. "ಹೊತ್ತು ಇಳಿಸಿದ್ದು ಲೆಕ್ಕಕ್ಕಿಲ್ಲ," ಎಂದಳು, ಏದುಸಿರು ಬಿಡುತ್ತ.

ಈಗ ಆಸ್ಪತ್ರೆಯಲ್ಲಿದ್ದಾಳೆ. ನಾಳೆ ಬೆಳಿಗ್ಗೆ ಆಪರೇಷನ್. ಡಾಕ್ಟರ ಬಾಯಲ್ಲಿ ಇನ್ನೂ ಅದೇ "ನೋಡೋಣ". ಇವತ್ತು ನೋಡಲು ಹೋದರೆ ನನ್ನನ್ನೇ ಕೇಳಿದಳು: "ಚಿಂದಿ ಯಾರೂ ಮುಟ್ಟಿಲ್ಲ ತಾನೇ?"

"ನಾನು ಆ ಕಡೆ ಕಾಲೇ ಇಟ್ಟಿಲ್ಲ," ಎಂದ ಮಾಸ್ಟರ್, ಬಾಗಿಲ ಹತ್ತಿರದ ಸ್ಟೂಲಿನಿಂದ.

"ನಿಮ್ಮನ್ನ ಕೇಳಿಲ್ಲ." ಹೊದಿಕೆಯ ಅಂಚು ಮಡಚಿ ಸರಿಮಾಡಿದಳು. ಆಮೇಲೆ, "ಮುಂದಿನ ಸಲ ಜೊತೆಗೇ ಬನ್ನಿ. ಕಳ್ಳನ ಥರ ಹಿಂದೆ ಬರಬೇಡಿ."

ಮಾಸ್ಟರ್ ತಲೆಯಾಡಿಸಿದ. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ಸಾಹುಕಾರ್ರೇ, ನೀವು?"

ಬರುತ್ತೇನೆ ಎಂದೆ. ವ್ಯಾಪಾರದಲ್ಲಿ ನಾನು ಸುಲಭವಾಗಿ ಮಾತು ಕೊಡುವವನಲ್ಲ, ಕೊಟ್ಟಿದ್ದೇನೆ. ಉಳಿದ ಅರ್ಧ ಮೆಟ್ಟಿಲು, ಆಮೇಲೆ ಲೈಟ್‌ಹೌಸಿನವರೆಗಿನ ಮರಳು: ಇಷ್ಟನ್ನು ಅಂಗಡಿಯ ಬಾಗಿಲು ಹಾಕಿ ಅವಳ ಜೊತೆ ನಡೆಯುವುದು ಆ ಮೋಸಕ್ಕೆ ವ್ಯಾನ್ ಕೊಟ್ಟ ನಾನು ಕಾಜಾ ಅಕ್ಕನಿಗೆ ಸಲ್ಲಿಸಬೇಕಾದ ಬಾಕಿ.