ಕೆಳಗಿನ ಮನೆಯವರ ಕಿವಿ

ಒಂದು ಮನೆ ಒಳಗಿಂದೊಳಗೇ ಎಷ್ಟು ಸಡಿಲಾಗಿದೆ ಎಂದು ತಿಳಿಯಬೇಕಾದರೆ ಅದರಲ್ಲೊಂದು ಸಬ್‌ವೂಫರ್ ತಂದಿಡಬೇಕು. ಅಲ್ಲಿಯವರೆಗೆ ಶೋಕೇಸಿನ ಗಾಜು, ಗೋಡೆಯ ದೇವರ ಪಟ, ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಮುಚ್ಚಳ ಎಲ್ಲವೂ ಮರ್ಯಾದಸ್ಥರಂತೆ ಸುಮ್ಮನಿರುತ್ತವೆ. ಆ ಪೆಟ್ಟಿಗೆ ಒಮ್ಮೆ ‘ಧೂಂ’ ಎಂದಿತೋ, ಒಂದೊಂದೂ ತನ್ನ ತನ್ನ ಅಹವಾಲು ಹೇಳಿಕೊಳ್ಳಲು ಶುರುಮಾಡುತ್ತದೆ. ನಮ್ಮ ಹಡಪಸರದ ಫ್ಲಾಟಿನಲ್ಲಿ ಆದದ್ದೂ ಇದೇ.

ಆ ವರ್ಷಗಳಲ್ಲಿ ಪುಣೆಯಲ್ಲಿ ಸ್ವಲ್ಪ ಸ್ಕ್ರೂಡ್ರೈವರ್ ಹಿಡಿಯಬಲ್ಲ ಗಂಡಸರಿಗೆಲ್ಲ ಮನೆಯಲ್ಲೇ ಸ್ಪೀಕರ್ ಕಟ್ಟುವ ಹುಚ್ಚು ಹಿಡಿದಿತ್ತು. ನಾನು ಕಾರ್ಖಾನೆಯೊಂದರ ಆಫೀಸಿನಲ್ಲಿ ಕಾಗದ ಉಜ್ಜುವವನು. ಮನೆಗೆ ಬಂದರೆ ಪ್ಲೈವುಡ್ ಉಜ್ಜುತ್ತಿದ್ದೆ. ಆದರೆ ನನ್ನ ಹುಚ್ಚಿಗೊಂದು ಘನವಾದ ಕಾರಣವೂ ಇತ್ತು. ನನ್ನ ಮಾವನವರು, ಅಂದರೆ ನನ್ನ ಹೆಂಡತಿ ಸುಧಾಳ ತಂದೆ, ಗದಗಿನ ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಹರೆಯದಲ್ಲಿ ತಬಲಾ ಬಾರಿಸುತ್ತಿದ್ದರು. ಸುಧಾ ಹುಟ್ಟುವ ಮೊದಲೇ ಎಡಗೈ ಮುರಿದು, ಕೂಡಿದ ಮೇಲೆ ಬೆರಳು ಮೊದಲಿನಂತೆ ಬಾಗಲಿಲ್ಲ. ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಬಾರಿಸುವ ಕೈಯೇ ಅದು. ಅವರ ಕಲೆಗೆ ಉಳಿದ ಸಾಕ್ಷಿಯೆಂದರೆ ಊರಿನ ಸಂಗೀತದ ಬೈಠಕ್ಕೊಂದರ ಹಳೆಯ ರೆಕಾರ್ಡಿಂಗು, ಕ್ಯಾಸೆಟ್ಟಿಗೆ ಇಳಿಸಿಟ್ಟದ್ದು. ಮೈಕನ್ನು ಹಾಡುವವರ ಮೂಗಿನ ಕೆಳಗೆ ಇಟ್ಟಿದ್ದರಿಂದ ಅದರಲ್ಲಿ ಹಾಡಿತ್ತು, ಹಾರ್ಮೋನಿಯಂ ಇತ್ತು, ಯಾರದೋ ಕೆಮ್ಮೂ ಇತ್ತು. ಡಗ್ಗಾ ಮಾತ್ರ ಇರಲಿಲ್ಲ. ಮನೆಮಂದಿಯೆಲ್ಲ ಚೇಷ್ಟೆ ಮಾಡುತ್ತಿದ್ದರು: ಆ ದಿನ ಅಪ್ಪ ಬೈಠಕ್ಕಿಗೆ ಹೋಗಿದ್ದು ಚಹಾ ಕುಡಿಯಲಿಕ್ಕೇ ಇರಬೇಕು ಎಂದು. ಮಾವನವರು ನಗುತ್ತಿದ್ದರು. ಆದರೆ ಪ್ರತಿ ಸಲ ಕ್ಯಾಸೆಟ್ ಹಚ್ಚಿದಾಗ ಸ್ಪೀಕರಿನ ಹತ್ತಿರಕ್ಕೆ ಸರಿದು ಕೂತು, "ಕೆಳಗ ಅದ ನೋಡ್ರಿ, ಅಗದೀ ಕೆಳಗ" ಎನ್ನುತ್ತಿದ್ದರು. ಆ ಕೆಳಗಿನದ್ದನ್ನು ಮೇಲೆ ತರಬೇಕು, ದೀಪಾವಳಿಗೆ ಅವರು ಬಂದಾಗ ಸುಧಾಗೆ ಅವಳ ಅಪ್ಪನ ಕೈ ಕೇಳಿಸಬೇಕು ಎಂಬುದೇ ನನ್ನ ಹಟ.

ಪೆಟ್ಟಿಗೆ ದಸರೆಯ ಹೊತ್ತಿಗೆ ತಯಾರಾಯಿತು. ಮೇಜಿನ ಮೇಲಿಟ್ಟು ಹಚ್ಚಿ ನೋಡಿದೆ. ಧ್ವನಿ ತುಪ್ಪದ ಹಾಗಿತ್ತು. ಖಂಡೇನವಮಿಯ ದಿನ ಸುಧಾ ನನ್ನ ಸ್ಕ್ರೂಡ್ರೈವರ್, ಇಸ್ತ್ರಿ, ಮಿಕ್ಸರ್‌ಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿ, ಹಾಲಿನ ಮೂಲೆಯಲ್ಲಿ ಮಣೆಯ ಮೇಲೆ ಕೂರಿಸಿದಳು. ಅದು ನಮ್ಮ ಮದುವೆಯಲ್ಲಿ ನಾವು ಕೂತ ಮಣೆ. ನಾದ ಕೊಡುವ ವಸ್ತುವನ್ನು ಬರೀ ನೆಲದ ಮೇಲೆ ಇಡಬಾರದೆಂದು ಹಬ್ಬ ಮುಗಿದ ಮೇಲೂ ಅಲ್ಲೇ ಬಿಟ್ಟಳು. ನನಗೂ ಅದು ಸರಿಯೆನಿಸಿತು. ಆವತ್ತಿನಿಂದ ಶುರುವಾಯಿತು ನೋಡಿ, ಧೂಂ ಎಂದರೆ ಹಿಂದೆಯೇ ಗರ್‌ರ್ ಎಂಬ ಒಂದು ಹಾಳು ಸದ್ದು.

ನಾನು ಬೇಟೆಗೆ ಹೊರಟೆ. ಸ್ಕ್ರೂ ಬಿಗಿದೆ. ಒಳಗೆ ಅಡ್ಡಪಟ್ಟಿ ಕೊಟ್ಟೆ. ಹಳೆಯ ಗಾದಿಯ ಹತ್ತಿ ತುಂಬಿದೆ. ಸಂದಿಯಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಲು ಊದಿನಕಡ್ಡಿ ಹಚ್ಚಿಕೊಂಡು ಪೆಟ್ಟಿಗೆಯ ಸುತ್ತ ಹೊಗೆ ಹಿಡಿಯುತ್ತಿದ್ದಾಗ ಸುಧಾ ಬಂದು, "ಏನ್ರಿ, ಮತ್ತ ಪೂಜಿ ಮಾಡ್ಲಿಕ್ಕತ್ತೀರೇನು?" ಎಂದು ಕೇಳಿ ಹೋದಳು. ಎಲ್ಲಕ್ಕಿಂತ ವಿಚಿತ್ರವೆಂದರೆ, ಪೆಟ್ಟಿಗೆಯನ್ನು ರಿಪೇರಿಗೆಂದು ಮೇಜಿನ ಮೇಲೆ ಎತ್ತಿಟ್ಟರೆ ಸದ್ದೇ ಇಲ್ಲ! ಡಾಕ್ಟರ ಮುಂದೆ ಕೂತೊಡನೆ ನಿಲ್ಲುವ ಹಲ್ಲುನೋವಿನಂತೆ ಗುಣವಾಗಿಬಿಡುತ್ತಿತ್ತು. ನಾನು ಸಮಾಧಾನದಿಂದ ಅದನ್ನು ಭಕ್ತಿಪೂರ್ವಕ ಮಣೆಯ ಮೇಲೆ ಇಡುತ್ತಿದ್ದೆ. ಮತ್ತೆ ಗರ್‌ರ್. ಬಿಲ್ಡರನ ಟೈಲ್ಸನ್ನು ಬೈದೆ, ಗೋಡೆಯನ್ನು ಬೈದೆ, ಮೇಲಿಂದ ಹಾರುವ ವಿಮಾನಗಳನ್ನೂ ಬೈದೆ. ಮಣೆಯ ಕಡೆ ಮಾತ್ರ ಕಣ್ಣೆತ್ತಿ ನೋಡಲಿಲ್ಲ. ಪೂಜೆಯಾದ ವಸ್ತುವಿನ ಮೇಲೆ ಯಾರಾದರೂ ಸಂಶಯಪಡುತ್ತಾರೆಯೇ?

ಸದ್ದಿನ ವಿಷಯ ಬಲು ಸೂಕ್ಷ್ಮ ಮಾರಾಯ್ರೆ. ತಂಬೂರಿಯ ತಂತಿಯ ಕೆಳಗೆ ಒಂದು ದಾರದ ಎಳೆ ಸೇರಿಸಿ, ಅದು ಝೇಂ ಎಂದು ನಡುಗುವ ತನಕ ಸರಿಸಿ ಸರಿಸಿ ಕೂರಿಸುತ್ತಾರೆ. ಅಲ್ಲಿ ಆ ನಡುಕವೇ ಜೀವ. ಇಲ್ಲಿ ಅದೇ ನಡುಕವನ್ನು ಓಡಿಸಲು ನಾನು ಗಾದಿ ಹರಿದಿದ್ದೆ. ಪ್ರತಿಯೊಂದು ವಸ್ತುವಿಗೂ ತನ್ನದೊಂದು ಸ್ವರವಿದೆಯಂತೆ, ಹೊರಗಿನಿಂದ ಅದೇ ಸ್ವರ ಬಂದರೆ ತಡೆಯಲಾರದೆ ಕಂಪಿಸುತ್ತದಂತೆ. ಮನುಷ್ಯರೂ ಹಾಗೆಯೇ ಎಂದು ನನ್ನ ಅನುಭವ. ನನ್ನೆದುರು ಯಾರಾದರೂ "ಇದಕ್ಕಿಂತ ರೆಡಿಮೇಡ್ ಚಲೋ ಬರ್ತಿತ್ತಲ್ರಿ" ಎಂದರೆ ನಾನು ಗಾಜಿನ ಶೋಕೇಸಿನಂತೆ ಅಡಿಯಿಂದ ಮುಡಿಯವರೆಗೆ ಗಲಗಲಿಸುತ್ತೇನೆ.

ನಮ್ಮ ಕೆಳಗಿನ ಮನೆಯ ಲೀಲಾಕಾಕು, ಅಂದರೆ ಲೀಲಾ ಚಿಕ್ಕಮ್ಮ, ಗಲಗಲಿಸುವ ಪೈಕಿ ಅಲ್ಲ. ಏನಾದರೂ ಹೇಳುವುದಿದ್ದರೆ ಕಸಬರಿಗೆಯ ಹಿಡಿಯಿಂದ ತಮ್ಮ ಮನೆಯ ಸೂರಿಗೆ, ಅಂದರೆ ನಮ್ಮ ನೆಲಕ್ಕೆ, ಟಕಟಕ ಕುಟ್ಟುತ್ತಿದ್ದರು. ನಾವು ದನಿ ಇಳಿಸುತ್ತಿದ್ದೆವು. ದೀಪಾವಳಿಗೆ ಮಾವನವರು ಬಂದರು. ಮಧ್ಯಾಹ್ನ ಊಟವಾದ ಮೇಲೆ ಕ್ಯಾಸೆಟ್ ಹಚ್ಚಿದೆ. ಅಗೋ, ಡಗ್ಗಾದ ಮೊದಲ ಗುಂಕಾರ ಏಳುತ್ತಿದ್ದಂತೆ ಗರ್‌ರ್ ಅದರ ಮೇಲೆ ಬಿದ್ದು ಎಲ್ಲ ಕಲಸಿಹಾಕಿತು. ಸುಧಾ ತಲೆ ತಗ್ಗಿಸಿದಳು. ಮಾವನವರು, "ಇರ್ಲಿ ಬಿಡ್ರಿ, ಅದರ ದೈವದಾಗ ಇಲ್ಲ" ಎಂದರು. ನನಗೆ ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಕೆಳಗಿನಿಂದ ಟಕಟಕ. ಆಮೇಲೆ ಖುದ್ದು ಕಾಕುವೇ ಮೇಲೆ ಬಂದರು. ಸೊಸೈಟಿಯ ನಿಯಮವನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾರೆಂದು ನಾನು ಕೈಮುಗಿದು ನಿಂತೆ. ಅವರು ಹೇಳಿದ್ದೇ ಬೇರೆ. ಹಾಡಿನದು ತಮ್ಮ ತಕರಾರೇ ಅಲ್ಲವೆಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಧೂಂ ಎನ್ನುವುದು ಗೋಡೆಗುಂಟ ಇಳಿದು ಬರುತ್ತದೆ, ಅದು ಹಿತವಾಗಿಯೇ ಇದೆ. ಅದರ ಬೆನ್ನಿಗೆ ಯಾವುದೋ ಕಟ್ಟಿಗೆ ನೆಲಕ್ಕೆ ಬಡಿಯುತ್ತದೆ; ಅದೂ ಎಲ್ಲ ಕಡೆ ಅಲ್ಲ, ತಮ್ಮ ಮನೆಯ ಕ್ಯಾಲೆಂಡರಿನ ಸರಿಯಾಗಿ ಮೇಲೆ. ಹೀಗೆಂದು ಅವರು ನಮ್ಮ ಗೋಡೆಗುಂಟ ನಡೆದು, ಮನಸ್ಸಿನಲ್ಲೇ ತಮ್ಮ ಕ್ಯಾಲೆಂಡರನ್ನು ಹುಡುಕಿಕೊಂಡು, ಮೂಲೆಗೆ ಬಂದು ನಿಂತು ಬೆರಳು ತೋರಿಸಿದರು. ಬೆರಳಿನ ತುದಿಯಲ್ಲಿ ನಮ್ಮ ಮದುವೆಯ ಮಣೆ ಇತ್ತು.

ಎತ್ತಿ ನೋಡಿದರೆ ಅದರ ಅಡಿಯ ಪಟ್ಟಿಯ ಮೊಳೆ ಸಡಿಲಾಗಿ ಪಟ್ಟಿ ಜೋತಾಡುತ್ತಿತ್ತು. ಇಷ್ಟು ದಿನ ಪೆಟ್ಟಿಗೆಯ ಹೊಟ್ಟೆ ಬಗೆದವನು ಒಮ್ಮೆಯೂ ಬಗ್ಗಿ ಅದರ ಕೆಳಗೆ ನೋಡಿರಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಹುಟ್ಟಿದ ಗೌರವ ಹೇಳತೀರದು. ಸಿಟ್ಟಿನಿಂದ ಕೇಳುವವರು ಬರೀ ಗದ್ದಲ ಕೇಳುತ್ತಾರೆ. ಕಾಕು ತಕರಾರು ಮಾಡುವಾಗಲೂ ಹಾಡನ್ನು ಒಂದು ಕಡೆ, ಸದ್ದನ್ನು ಒಂದು ಕಡೆ ಇಟ್ಟು, ಅಕ್ಕಿಯಿಂದ ಹರಳು ಆರಿಸಿದಂತೆ ಆರಿಸಿದ್ದರು. ನನ್ನನ್ನು ಹೀಗೆ ಆರಿಸಿ ಕೇಳುವವರು ಆಫೀಸಿನಲ್ಲಿ ಒಬ್ಬರಿದ್ದರೂ ಸಾಕಿತ್ತು. ಕಾಕು ಕುಕ್ಕರಿನ ನೆನಪಾಗಿ ಕೆಳಗೆ ಓಡಿದರು.

ಮಾವನವರು ಮಣೆ ನೋಡಿ ನಗಲು ಶುರುಮಾಡಿದರು. "ಅಳಿಯಂದ್ರ, ಡಗ್ಗಾನ ಯಾರರೆ ಮಣಿ ಮ್ಯಾಲ ಕೂಡಸ್ತಾರೇನ್ರಿ? ಅದಕ್ಕ ಸಿಂಬಿ ಬೇಕು." ಸುಧಾ ಹಳೆಯ ಸೀರೆಯೊಂದನ್ನು ತಂದಳು. ಒಂದು ತುದಿ ಅವಳು ಹಿಡಿದಳು, ಇನ್ನೊಂದನ್ನು ಮಾವನವರು ಬಲಗೈಯಿಂದ ಹೊಸೆದರು. ಬಾಗದ ಎಡಗೈಯನ್ನು ಒತ್ತುಕೊಟ್ಟ ಕಟ್ಟಿಗೆಯಂತೆ ಇಟ್ಟು ಸುತ್ತಿ ಸುತ್ತಿ, ನೀರಿನ ಕೊಡದ ಕೆಳಗೆ ಇಡುವಂಥದೇ ದಪ್ಪ ಸಿಂಬಿ ಮಾಡಿದರು. ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿ ಮತ್ತೆ ಕ್ಯಾಸೆಟ್ ಹಚ್ಚಿದೆ.

ಹಾಡು ಬಂತು, ಹಾರ್ಮೋನಿಯಂ ಬಂತು, ಕೆಮ್ಮು ಬಂತು. ಆಮೇಲೆ ಅದರ ಕೆಳಗಿನಿಂದ, ಅಗದೀ ಕೆಳಗಿನಿಂದ, ಡಗ್ಗಾ ಎದ್ದು ಬಂತು. ಅಂಗೈಯ ಬುಡ ಚರ್ಮದ ಮೇಲೆ ಜಾರುವುದು ಕೂಡ ಕೇಳುವಂತಿತ್ತು. ಸುಧಾ ಅಪ್ಪನ ಕೈಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಮತ್ತೆ ಕೈಯನ್ನು ನೋಡಿದಳು. ಮಾವನವರ ಬಾಗದ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಏಳುತ್ತಿದ್ದವು. ನನಗಂತೂ ಜನ್ಮ ಸಾರ್ಥಕವಾಯಿತು ಎನ್ನಿಸಿತು.

ಆಗಲೇ ಬಾಗಿಲ ಗಂಟೆ ಬಡಿಯಿತು. ಕಾಕು. ನಾನು ಗಾಬರಿಯಿಂದ ದನಿ ಇಳಿಸಿದೆ. ಯಾಕೆ ಇಳಿಸಿದಿರಿ ಎಂದು ಅವರು ನನ್ನನ್ನೇ ಗದರಿಸಿ ಒಳಗೆ ಬಂದರು. ನಂತರ ಪೆಟ್ಟಿಗೆಯ ಕಡೆ ಕೈ ಮಾಡಿ, ಯಾರಾದರೂ ಕೇಳಲೆಂದು ಮಾವನವರು ಇಷ್ಟು ವರ್ಷ ಕಾದಿದ್ದ ಪ್ರಶ್ನೆಯನ್ನು ಕೇಳಿದರು: "ಡಗ್ಗ್ಯಾವರ್ ಕೋಣ್ ಆಹೇ?" ಡಗ್ಗಾ ಬಾರಿಸುತ್ತಿರುವವರು ಯಾರು?

ಮಾವನವರು ಧೋತರ ಸರಿಮಾಡಿಕೊಂಡು ನೆಟ್ಟಗೆ ಕೂತರು. "ನಮ್ಮ ಅಪ್ಪ" ಎಂದಳು ಸುಧಾ.

ಕಾಕು ಅಲ್ಲೇ ಚಾಪೆಯ ಮೇಲೆ ಕೂತರು. ನಾನು ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ ದನಿ ಇನ್ನಷ್ಟು ಏರಿಸಿದೆ. ಕೆಳಗಿನ ಮನೆಯವರೇ ಮೇಲೆ ಬಂದು ಕೂತ ಮೇಲೆ ಇನ್ನು ಯಾರ ಹೆದರಿಕೆ?