ಅಳಿಸಿಹೋದ ನೂರ ಅರವತ್ತನಾಲ್ಕು ಮಾತುಗಳು

2023ರಲ್ಲಿ ನಾನು ಕಡೂರಿನಲ್ಲಿ ಎರಡು ಕೋಣೆಯ ಕಚೇರಿ ಇಟ್ಟುಕೊಂಡು ವೆಬ್ ಅಪ್ಲಿಕೇಶನ್‌ಗಳನ್ನು ಮಾಡಿಕೊಡುತ್ತಿದ್ದೆ. ಶಾಲೆಗಳ ಹಾಜರಿ, ಹಾಲಿನ ಸಂಘದ ದಾಖಲೆ, ನರ್ಸಿಂಗ್ ಹೋಮಿನ ಟೋಕನ್ ವ್ಯವಸ್ಥೆ, ಇಂಥವು. ಎಲ್ಲವನ್ನೂ ಪೈಥಾನ್ ಭಾಷೆಯಲ್ಲಿ ಬರೆಯುತ್ತಿದ್ದೆ. ಈ ಕೆಲಸದಲ್ಲಿ ಆಗ ನನಗೆ ಹದಿನಾಲ್ಕು ವರ್ಷದ ಅನುಭವವಿತ್ತು. ಸೈಟ್ ತೆರೆಯುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ, ಅವರು ಹೇಳಿ ಮುಗಿಸುವುದರೊಳಗೆ ತೊಂದರೆ ಎಲ್ಲಿದೆಯೆಂದು ಊಹಿಸಿಬಿಡುತ್ತಿದ್ದೆ. ಹೆಚ್ಚಿನ ಸಲ ಊಹೆ ಸರಿಯಾಗಿಯೇ ಇರುತ್ತಿತ್ತು. ಆ ಅಭ್ಯಾಸವೇ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ತರೀಕೆರೆಯಿಂದ ನಾಗವೇಣಿ ಎಂಬುವರು ನನ್ನನ್ನು ಹುಡುಕಿಕೊಂಡು ಬಂದರು. ಅವರು ಸ್ಪೀಚ್ ಥೆರಪಿಸ್ಟ್, ಅಂದರೆ ಮಾತಿನ ತೊಂದರೆ ಇರುವವರಿಗೆ ತರಬೇತಿ ಕೊಡುವವರು. ಗಂಟಲಿನ ಕ್ಯಾನ್ಸರ್ ಆದ ಕೆಲವರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಆಮೇಲೆ ಅವರು ಕತ್ತಿನಲ್ಲಿ ಮಾಡಿದ ರಂಧ್ರದಿಂದ ಉಸಿರಾಡುತ್ತಾರೆ. ಮೊದಲಿನ ಧ್ವನಿ ಮತ್ತೆಂದೂ ಬರುವುದಿಲ್ಲ. ಆಪರೇಷನ್ನಿಗೆ ಮುಂಚೆಯೇ ಅವರ ದಿನಬಳಕೆಯ ಮಾತುಗಳನ್ನು ರೆಕಾರ್ಡ್ ಮಾಡಿಟ್ಟರೆ, ಮುಂದೆ ಟ್ಯಾಬ್ಲೆಟ್ಟಿನಲ್ಲಿ ಒಂದೊಂದು ಬಟನ್ ಒತ್ತಿ ತಮ್ಮದೇ ಧ್ವನಿಯಲ್ಲಿ ಮಾತಾಡಬಹುದು. ಅಂಥ ಒಂದು ಅಪ್ಲಿಕೇಶನ್ ಕನ್ನಡದಲ್ಲಿ ಬೇಕು ಎಂದು ಅವರು ಕೇಳಿದರು. ನಾನು ಒಪ್ಪಿದೆ. ಐದು ವಾರದಲ್ಲಿ ಕೆಲಸ ಮುಗಿಯಿತು.

ಅದನ್ನು ಬಳಸಿದ ಮೊದಲ ವ್ಯಕ್ತಿ ಓಂಕಾರಪ್ಪ. ವಯಸ್ಸು ಐವತ್ತೆಂಟು. ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಬಸ್ಸು ಹೊರಡುವ ಮೊದಲು ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವುದು ಅವರ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದರು. ನಾನು ಅವರನ್ನು ತರೀಕೆರೆಯಲ್ಲಿ ನಾಗವೇಣಿಯವರ ಕೋಣೆಯಲ್ಲಿ ಮೊದಲ ಸಲ ಕಂಡಾಗ ಧ್ವನಿ ಆಗಲೇ ಒಡೆದು ಕರಕರ ಎನ್ನುತ್ತಿತ್ತು. ಆದರೂ ದೊಡ್ಡದಾಗಿಯೇ ಇತ್ತು. ಪಕ್ಕದಲ್ಲಿ ಅವರ ಹೆಂಡತಿ ಗೌರಮ್ಮ ನೀರಿನ ಬಾಟಲಿ ಹಿಡಿದು ಕುಳಿತಿದ್ದರು.

"ಸ್ವಲ್ಪ ಮೆಲ್ಲಗೆ ಹೇಳಿ ಓಂಕಾರಪ್ಪನೋರೇ, ಮನೇಲಿ ಮಾತಾಡ್ದಂಗೆ," ಎಂದರು ನಾಗವೇಣಿ.

"ಮನೇಲೂ ಹಿಂಗೇ ಕಣಮ್ಮ ನಾನು," ಎಂದರು ಓಂಕಾರಪ್ಪ. ಗೌರಮ್ಮ ಹೌದೆಂಬಂತೆ ತಲೆಯಾಡಿಸಿದರು.

ಒಂಬತ್ತು ದಿನಗಳಲ್ಲಿ ನೂರ ಅರವತ್ತನಾಲ್ಕು ಮಾತುಗಳು ರೆಕಾರ್ಡ್ ಆದವು. 'ನೋವು ಜಾಸ್ತಿ ಆಗಿದೆ', 'ದಿಂಬು ಎತ್ತರ ಮಾಡು', 'ಕಿಟಕಿ ಹಾಕು' ಎಂಬಂಥವು ನಾಗವೇಣಿಯವರ ಪಟ್ಟಿಯಲ್ಲಿದ್ದವು. ಉಳಿದವನ್ನು ಓಂಕಾರಪ್ಪ ತಾವೇ ಸೇರಿಸಿದರು. ಮಾತಾಡಿದ ಕೂಡಲೇ ಧ್ವನಿ ನೇರವಾಗಿ ನನ್ನ ಸರ್ವರಿಗೆ ಹೋಗುತ್ತಿತ್ತು. ಟ್ಯಾಬ್ಲೆಟ್ಟಿನಲ್ಲಿ ಪ್ರತಿ ಉಳಿಯುತ್ತಿರಲಿಲ್ಲ. ಟ್ಯಾಬ್ಲೆಟ್ ಕಳೆದುಹೋದರೂ ಮಾತು ಕಳೆಯಬಾರದು ಎಂದು ನಾನೇ ಹಾಗೆ ಮಾಡಿದ್ದೆ.

ಹತ್ತನೆಯ ದಿನ, ಒಂದು ಬುಧವಾರ, ಓಂಕಾರಪ್ಪ ಸಂಜೆ ಐದಕ್ಕೆ ಶಿವಮೊಗ್ಗಕ್ಕೆ ಹೊರಡಬೇಕಿತ್ತು. ರಾತ್ರಿ ಆಸ್ಪತ್ರೆಗೆ ದಾಖಲು, ಮರುದಿನ ಬೆಳಿಗ್ಗೆ ಆಪರೇಷನ್. ಮಧ್ಯಾಹ್ನ ಎರಡೂವರೆಗೆ ನಾಗವೇಣಿ ಫೋನ್ ಮಾಡಿದರು. ಬಸ್ ಸ್ಟ್ಯಾಂಡಿನಲ್ಲಿ ಕೂಗುವುದನ್ನು ಪೂರ್ತಿಯಾಗಿ ಒಂದು ಸಲ ರೆಕಾರ್ಡ್ ಮಾಡಬೇಕೆಂದು ಓಂಕಾರಪ್ಪ ಆಸೆಪಟ್ಟಿದ್ದರು. ಅದು ಒಂದು ಮುಕ್ಕಾಲು ನಿಮಿಷದಷ್ಟು ಉದ್ದವಾಗಿತ್ತು. ಎರಡು ಸಲ ಪ್ರಯತ್ನಿಸಿದರೂ ಸೇವ್ ಆಗದೆ, ಪರದೆಯ ಮೇಲೆ 413 ಎಂಬ ಸಂಖ್ಯೆ ಬರುತ್ತಿತ್ತು.

413 ಎಂದ ಕೂಡಲೇ ನನಗೆ ತಿಳಿಯಿತು. ವೆಬ್ ಸರ್ವರ್ ತಾನಾಗಿ ಒಂದು ಮೆಗಾಬೈಟಿಗಿಂತ ದೊಡ್ಡ ಫೈಲನ್ನು ಒಳಗೆ ಬಿಡುವುದಿಲ್ಲ. ಆ ಮಿತಿಯನ್ನು ಹೆಚ್ಚಿಸಲು ಒಂದು ಸಾಲು ಬರೆದರೆ ಸಾಕು. ನಾನು ಆ ಸಾಲು ಬರೆದು, ಅಪ್ಲಿಕೇಶನ್ನನ್ನು ನಿಲ್ಲಿಸಿ, ಹೊಸದಾಗಿ ಕಟ್ಟಿ ಮತ್ತೆ ಓಡಿಸಿದೆ. ಇದಕ್ಕೆ ನಾವು ಡಿಪ್ಲಾಯ್ ಮಾಡುವುದು ಎನ್ನುತ್ತೇವೆ. ಹತ್ತು ನಿಮಿಷದ ಕೆಲಸ. ನನ್ನ ಕಂಪ್ಯೂಟರಿನಲ್ಲಿ ಪುಟ ತೆರೆದೆ. ನೂರ ಅರವತ್ತನಾಲ್ಕು ಬಟನ್‌ಗಳೂ ಸಾಲಾಗಿ ಕಾಣಿಸಿದವು. ನಾಗವೇಣಿಯವರಿಗೆ ಇನ್ನೊಮ್ಮೆ ರೆಕಾರ್ಡ್ ಮಾಡಲು ಹೇಳಿದೆ. ಮೂರು ಗಂಟೆಗೆ ಅವರ ಫೋನ್ ಬಂತು.

"ಹೋಯ್ತು ಮೇಡಂ, ಸೇವ್ ಆಯ್ತು. ಪ್ಲೇ ಮಾಡ್ದೆ, ಚೆನ್ನಾಗಿ ಕೇಳ್ತಿದೆ," ಎಂದರು. ಆಮೇಲೆ ಕೇಳಿದರು, "ಹಳೇವೂ ಒಂದ್ಸಲ ಒತ್ತಿ ನೋಡ್ಲಾ?"

"ಬೇಡ ಬಿಡಿ, ಅವಕ್ಕೇನೂ ಆಗಿರಲ್ಲ. ನಾನು ಮುಟ್ಟಿದ್ದು ಒಂದೇ ಸಾಲು," ಎಂದೆ.

ಓಂಕಾರಪ್ಪ ಐದಕ್ಕೆ ಹೊರಟರು. ಗುರುವಾರ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆ ತೆಗೆದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಗವೇಣಿ ಆಸ್ಪತ್ರೆಯಿಂದಲೇ ಫೋನ್ ಮಾಡಿದರು. ಅಂದು ಮೊದಲ ಸಲ ಟ್ಯಾಬ್ಲೆಟ್ಟನ್ನು ಓಂಕಾರಪ್ಪನವರ ಕೈಗೆ ಕೊಟ್ಟಿದ್ದರಂತೆ. ಅವರು 'ನೋವು ಜಾಸ್ತಿ ಆಗಿದೆ' ಎಂಬ ಬಟನ್ ಒತ್ತಿದರು. ಸದ್ದು ಬರಲಿಲ್ಲ. ತಾವು ಸರಿಯಾಗಿ ಒತ್ತಿಲ್ಲ ಎಂದುಕೊಂಡು ಮತ್ತೆ ಮತ್ತೆ ಒತ್ತುತ್ತಲೇ ಇದ್ದರು.

ನಾನು ಎಂದಿನಂತೆ ಸುಲಭದ್ದರಿಂದ ಶುರು ಮಾಡಿದೆ. ವಾಲ್ಯೂಮ್ ನೋಡಿ ಎಂದೆ. ಸರಿಯಾಗಿತ್ತು. ನೆಟ್‌ವರ್ಕ್ ನೋಡಿ ಎಂದೆ. ಅದೂ ಸರಿಯಾಗಿತ್ತು. ಸರ್ವರಿನ ಲಾಗ್, ಅಂದರೆ ನಡೆದದ್ದೆಲ್ಲ ಸಾಲುಸಾಲಾಗಿ ದಾಖಲಾಗುವ ಕಡತ, ಅದನ್ನು ತೆರೆದೆ. ಒಂದೊಂದು ಸಾಲಿನ ಕೊನೆಯಲ್ಲೂ 404 ಎಂದಿತ್ತು. ಕೇಳಿದ ಫೈಲ್ ಇಲ್ಲ ಎಂದು ಅದರ ಅರ್ಥ. ಓಂಕಾರಪ್ಪ 'ನೋವು' ಎಂದು ಒತ್ತಿದ್ದು ಹತ್ತೊಂಬತ್ತು ಸಲ. ಹತ್ತೊಂಬತ್ತು ಸಾಲುಗಳನ್ನೂ ನಾನು ಎಣಿಸಿದೆ.

ಆಮೇಲೆ ಧ್ವನಿಗಳನ್ನು ಇಡುವ ಫೋಲ್ಡರಿನೊಳಗೆ ಏನಿದೆ ಎಂದು ನೋಡಿದೆ. ಒಂದೇ ಒಂದು ಫೈಲ್ ಇತ್ತು. ಬುಧವಾರ ಮೂರು ಗಂಟೆಗೆ ಬಂದದ್ದು.

ಆದದ್ದೇನೆಂದು ಹೇಳಬೇಕು. ಈಗ ಅಪ್ಲಿಕೇಶನ್‌ಗಳನ್ನು ಕಂಟೈನರ್ ಎಂಬ ಡಬ್ಬಿಯಂಥ ವ್ಯವಸ್ಥೆಯೊಳಗೆ ಇಟ್ಟು ಓಡಿಸುತ್ತಾರೆ. ಪ್ರತಿ ಸಲ ಡಿಪ್ಲಾಯ್ ಮಾಡಿದಾಗಲೂ ಹಳೆಯ ಡಬ್ಬಿ ಪೂರ್ತಿ ಹೋಗಿ ಹೊಸದು ಬರುತ್ತದೆ. ಹಾಗಾಗಿ ಉಳಿಯಬೇಕಾದದ್ದನ್ನು ಡಬ್ಬಿಯ ಹೊರಗೆ, ವಾಲ್ಯೂಮ್ ಎಂಬ ಬೇರೆ ಜಾಗದಲ್ಲಿ ಇಡುವಂತೆ ಬರೆದಿರಬೇಕು. ಬಟನ್‌ಗಳ ಹೆಸರಿದ್ದ ಡೇಟಾಬೇಸಿಗೆ ಹಾಗೆ ಬರೆದಿದ್ದೆ. ಧ್ವನಿಯ ಫೋಲ್ಡರಿಗೂ ನನ್ನ ಕಂಪ್ಯೂಟರಿನಲ್ಲಿ ಬರೆದಿದ್ದೆ. ಸರ್ವರಿಗೆಂದು ಮಾಡಿದ ಇನ್ನೊಂದು ಕಡತದಲ್ಲಿ ಆ ಸಾಲು ಬಿಟ್ಟುಹೋಗಿತ್ತು. ಒಂಬತ್ತು ದಿನ ನಾನು ಡಿಪ್ಲಾಯ್ ಮಾಡದೇ ಇದ್ದದ್ದರಿಂದ ಎಲ್ಲವೂ ಸರಿಯಾಗಿಯೇ ಕಂಡಿತು. ಬುಧವಾರ ಒಂದು ಧ್ವನಿಯನ್ನು ಒಳಗೆ ಬಿಡಲು ಹೋಗಿ ನೂರ ಅರವತ್ತನಾಲ್ಕನ್ನು ನನ್ನ ಕೈಯಾರೆ ಅಳಿಸಿದ್ದೆ. ಹೊಸ ಡಬ್ಬಿಗೆ ಬಂದ ಹೊಸ ಧ್ವನಿ ಸರಿಯಾಗಿ ಕೇಳಿಸಿತು. ಹಳೆಯದನ್ನು ಒತ್ತಿ ನೋಡುತ್ತೇನೆ ಎಂದವರನ್ನು ಬೇಡವೆಂದು ತಡೆದದ್ದೂ ನಾನೇ. ಆಗ ಮೂರು ಗಂಟೆ. ಇನ್ನೂ ಎರಡು ಗಂಟೆ ಓಂಕಾರಪ್ಪ ಅದೇ ಕೋಣೆಯಲ್ಲಿ, ಅದೇ ಗಂಟಲಿನೊಂದಿಗೆ ಕುಳಿತಿದ್ದರು.

ಬ್ಯಾಕಪ್ ಇತ್ತು. ದಿನಾ ತಪ್ಪದೆ ಆಗುತ್ತಿತ್ತು. ಡೇಟಾಬೇಸಿನದ್ದು ಮಾತ್ರ. ಸರ್ವರ್ ಕೊಟ್ಟ ಕಂಪನಿಗೆ ಬರೆದೆ. ಇಡೀ ಡಿಸ್ಕಿನ ಪ್ರತಿ ತೆಗೆದಿಡುವ ಸೌಲಭ್ಯವನ್ನು ನೀವು ಆನ್ ಮಾಡಿರಲಿಲ್ಲ ಎಂದು ಉತ್ತರ ಬಂತು. ಅಳಿಸಿದ ಫೈಲುಗಳನ್ನು ಹುಡುಕುವ ಪರಿಣತರೊಬ್ಬರಿಗೆ ಡಿಸ್ಕಿನ ಪ್ರತಿ ಕಳಿಸಿದೆ. ನಾಲ್ಕು ದಿನದ ಮೇಲೆ ಅವರು, "ಆ ಜಾಗದ ಮೇಲೆ ಬೇರೆ ಬರೆದುಹೋಗಿದೆ, ಏನೂ ಸಿಗಲ್ಲ," ಎಂದರು. ಟ್ಯಾಬ್ಲೆಟ್ಟನ್ನು ಜಾಲಾಡಿದೆ. ಅದರಲ್ಲೂ ಏನೂ ಇರಲಿಲ್ಲ.

ನಾಗವೇಣಿಯವರಿಗೆ ಭಾನುವಾರವೇ ನಿಜ ಹೇಳಿದ್ದೆ. ಅವರು, "ಮೂಗಿನಲ್ಲಿ ನಳಿಗೆ ಹಾಕವ್ರೆ, ಜ್ವರ ಬೇರೆ ಇದೆ. ಡಿಸ್ಚಾರ್ಜ್ ಆಗೋವರೆಗೂ ನೆಟ್‌ವರ್ಕ್ ತೊಂದ್ರೆ ಅಂದ್ಬಿಡೋಣ," ಎಂದರು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಹನ್ನೆರಡು ದಿನ ಸುಳ್ಳು ಹೇಳಿದೆವು. ಆ ಹನ್ನೆರಡು ದಿನವೂ ಲಾಗಿನಲ್ಲಿ 404 ಬರುತ್ತಲೇ ಇತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಸರಿಹೋಯಿತೇನೋ ಎಂದು ಓಂಕಾರಪ್ಪ ಒತ್ತಿ ನೋಡುತ್ತಿದ್ದರು.

ಡಿಸ್ಚಾರ್ಜ್ ಆದ ಮೂರನೆಯ ದಿನ ಬೀರೂರಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು ಅಜ್ಜಂಪುರದಲ್ಲಿ ಇಳಿದೆ. ನಾಗವೇಣಿ ತರೀಕೆರೆಯಿಂದ ಬಸ್ಸಿನಲ್ಲಿ ಬಂದಿದ್ದರು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆ. ಓಂಕಾರಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕತ್ತಿಗೆ ತೆಳುವಾದ ಬಟ್ಟೆ ಕಟ್ಟಿತ್ತು. ನನ್ನನ್ನು ಕಂಡು ಎದ್ದು ಕೈಮುಗಿದರು. ರಿಪೇರಿಗೆ ಬಂದಿದ್ದೇನೆ ಎಂದುಕೊಂಡು ಗೌರಮ್ಮ ಒಳಗಿನಿಂದ ಟ್ಯಾಬ್ಲೆಟ್ ತಂದು ನನ್ನ ಮುಂದೆ ಇಟ್ಟರು.

ರೈಲಿನಲ್ಲಿ ಏನೇನೋ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ತಪ್ಪು ನನ್ನದು, ನಿಮ್ಮ ಮಾತುಗಳೆಲ್ಲ ಅಳಿಸಿಹೋಗಿವೆ, ಒಂದು ಮಾತ್ರ ಉಳಿದಿದೆ, ಬಾಕಿ ಯಾವುದೂ ಮತ್ತೆ ಸಿಗುವುದಿಲ್ಲ ಎಂದೆ. ಇಷ್ಟು ದಿನ ನೆಟ್‌ವರ್ಕ್ ಎಂದದ್ದು ಸುಳ್ಳು ಎಂದೂ ಹೇಳಿದೆ.

ಗೌರಮ್ಮನಿಗೆ ಅರ್ಥವಾಗಲಿಲ್ಲ. "ಹೋದ್ರೆ ಹೋಗ್ಲಿ ಬಿಡಿ. ಇನ್ನೊಂದ್ಸಲ ಹೇಳ್ಸಿ ಹಾಕ್ಕಳಕ್ಕೆ ಆಗಲ್ವಾ?" ಎಂದರು. ಹೇಳುತ್ತಿರುವಾಗಲೇ ಅವರಿಗೆ ಹೊಳೆಯಿತು. ಗಂಡನ ಕತ್ತಿನ ಬಟ್ಟೆಯ ಕಡೆ ನೋಡಿದರು.

ಓಂಕಾರಪ್ಪ ನೋಟ್‌ಬುಕ್ ತೆಗೆದುಕೊಂಡು 'ಎಲ್ಲಾನಾ' ಎಂದು ಬರೆದು ನನಗೆ ತೋರಿಸಿದರು. ನಾನು ಹೌದೆಂದೆ.

ಗೌರಮ್ಮ ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿಯ ಕೆಳಗಿನವರೆಗೂ ಸರಿಸಿದರು. ಒಂದು ಬಟನ್ ಮೇಲೆ 'ಗೌರಿ, ಬಾ ಇಲ್ಲಿ' ಎಂದಿತ್ತು. ಅದನ್ನು ನಾಗವೇಣಿಗೆ ತೋರಿಸಿದರು.

"ಆಸ್ಪತ್ರೇಲಿ ನಮ್ ಮೊಮ್ಮಗಳು ಓದಿ ಹೇಳಿದ್ಲು. ಇವ್ರು ಒಂದಿನನೂ ನನ್ ಹೆಸರು ಹಿಡ್ದು ಕರ್ದೋರಲ್ಲ ಕಣ್ರೀ. ಇದ್ರಾಗೆ ಕರ್ದಿದ್ರಾ?"

"ಹೂಂ. ನಿಮ್ಮನ್ನ ಟೀ ತರಕ್ಕೆ ಕಳ್ಸಿ ಹೇಳಿದ್ರು," ಎಂದರು ನಾಗವೇಣಿ.

"ಹೆಂಗಿತ್ತು?"

ನಾಗವೇಣಿ ಸೆರಗಿನಿಂದ ಮುಖ ಒರೆಸಿಕೊಂಡು ರಸ್ತೆಯ ಕಡೆ ತಿರುಗಿದರು. ಓಂಕಾರಪ್ಪ ಟ್ಯಾಬ್ಲೆಟ್ಟನ್ನು ಹೆಂಡತಿಯ ಕೈಯಿಂದ ತೆಗೆದು, ಮುಚ್ಚಿ, ನನ್ನ ಚೀಲದ ಪಕ್ಕದಲ್ಲಿಟ್ಟರು. ಬೈಯಲಿಲ್ಲ. ಬೈಯಲು ಅವರಿಗೆ ಧ್ವನಿಯೂ ಇರಲಿಲ್ಲ. ಅದು ಹೊಳೆದ ಮೇಲೆ ಅಲ್ಲಿ ಕೂರುವುದು ನನಗೆ ಆಗಲಿಲ್ಲ. ಗೌರಮ್ಮ ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಎದ್ದೆ. ಉಳಿದಿದ್ದ ಆ ಒಂದು ರೆಕಾರ್ಡಿಂಗನ್ನು, ತರೀಕೆರೆ, ಬೀರೂರು, ಶಿವನಿ, ಹೊಸದುರ್ಗ ಎಂದು ಕೂಗಿದ್ದನ್ನು, ಪೆನ್‌ಡ್ರೈವಿಗೆ ಹಾಕಿ ತಂದಿದ್ದೆ. ಕೊಡಲು ನಾಚಿಕೆಯಾಗಿ ಜಗಲಿಯ ಗೂಡಿನಲ್ಲಿಟ್ಟು ಬಂದೆ. ಅವರು ಅದನ್ನು ಕೇಳಿದರೋ ಇಲ್ಲವೋ ನನಗೆ ತಿಳಿಯದು.

ಕೆಲವು ತಿಂಗಳ ಮೇಲೆ ನಾಗವೇಣಿ ಓಂಕಾರಪ್ಪನವರಿಗೆ, ಕತ್ತಿಗೆ ಒತ್ತಿಹಿಡಿದು ಮಾತಾಡುವ ಯಂತ್ರವೊಂದನ್ನು ಕೊಡಿಸಿ ಕಲಿಸಿದರು. ಅದರಲ್ಲಿ ಯಾರು ಮಾತಾಡಿದರೂ ಒಂದೇ ಥರದ ಗುಂಯ್ ಎನ್ನುವ ಧ್ವನಿ ಬರುತ್ತದೆ. ಓಂಕಾರಪ್ಪ ಅದರಲ್ಲಿ ಮಾತಾಡುತ್ತಾರಂತೆ, ಆದರೆ ಮನೆಯೊಳಗೆ ಮಾತ್ರ. ಬಸ್ ಸ್ಟ್ಯಾಂಡಿಗೆ ಮತ್ತೆ ಹೋಗಿಲ್ಲ. ನಾಗವೇಣಿಯವರು ಮುಂದಿನ ರೋಗಿಗಳಿಗೆ ಬೇರೆ ಊರಿನವರ ಅಪ್ಲಿಕೇಶನ್ ಬಳಸತೊಡಗಿದರು. ಹಾಗೆ ಮಾಡಿದ್ದು ಸರಿಯೇ. ಅವರು ಹೇಳುವ ಮೊದಲೇ ನಾನು ನನ್ನದನ್ನು ನಿಲ್ಲಿಸಿದ್ದೆ.

ನಾನು ಈಗಲೂ ಇದೇ ಕೆಲಸದಲ್ಲಿದ್ದೇನೆ. ಡಿಪ್ಲಾಯ್ ಮಾಡಿದ ಮೇಲೆ ಪುಟ ತೆರೆದುಕೊಂಡರೆ ಸಾಲದು ಎಂದು ಹಳೆಯ ದಾಖಲೆಗಳನ್ನು ಒಂದೊಂದಾಗಿ ತೆರೆದು ನೋಡುತ್ತೇನೆ. ಬ್ಯಾಕಪ್ಪಿನಿಂದ ಎಲ್ಲವನ್ನೂ ಮರಳಿ ತಂದು, ಬಳಸುವವರ ಎದುರಿಗೇ ತೋರಿಸದೆ ಯಾವ ಕೆಲಸವನ್ನೂ ಒಪ್ಪಿಸುವುದಿಲ್ಲ. ನೋಡಲಾ ಎಂದು ಯಾರು ಕೇಳಿದರೂ ನೋಡಿ ಎನ್ನುತ್ತೇನೆ. ಈ ಘಟನೆ ನನಗೆ ಪಾಠ ಕಲಿಸಿತು ಎಂದು ಹೇಳಿ ಮುಗಿಸಬಹುದಿತ್ತು, ಆದರೆ ಅದು ಪ್ರಾಮಾಣಿಕವಾಗುವುದಿಲ್ಲ. ಕಂಟೈನರಿನ ಒಳಗಿಟ್ಟದ್ದು ಉಳಿಯುವುದಿಲ್ಲ ಎಂಬುದು ಅದನ್ನು ಬಳಸಲು ಕಲಿಯುವ ಯಾರಿಗಾದರೂ ಮೊದಲ ವಾರವೇ ತಿಳಿಯುವ ಸಂಗತಿ. ನನಗೂ ತಿಳಿದಿತ್ತು.