ಬೆಳ್ಳಿ ಬಟ್ಟಲಿನ ನೀರು

ಮದುವೆಗೆ ಮೂರು ತಿಂಗಳ ಮುಂಚೆ ನಾನು ಕನ್ನಡಕ ಬಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೆ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನಿಗೆ ಈ ಶೋಕಿ ಯಾಕೆ ಎಂದು ಕೇಳಬೇಡಿ. ಸೋಡಾಬುಡ್ಡಿ ಎಂದು ಕರೆಸಿಕೊಂಡೇ ಬೆಳೆದವನಿಗೆ ಮದುವೆಯ ಫೋಟೋದಲ್ಲಾದರೂ ಮುಖ ಕಾಣಲಿ ಎಂಬ ಆಸೆ ಇರುವುದಿಲ್ಲವೇ? ಫೋಟೋ ಚೆನ್ನಾಗಿಯೇ ಬಂತು. ಶೋಕಿ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ.

ಮೊದಲ ದೀಪಾವಳಿಗೆ ಹೊಸ ಅಳಿಯನಾಗಿ ಹೆಂಡತಿಯ ತವರೂರು ಕುದೇರಿಗೆ ಹೋದೆ. ನನ್ನ ಅತ್ತೆಯವರದು ಹಳೇ ಕ್ರಮ. ಅಳಿಯನ ಎದುರು ನಿಲ್ಲುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಏನಿದ್ದರೂ ಅಡುಗೆಮನೆಯ ಬಾಗಿಲ ಹಿಂದಿನಿಂದ ಮಗಳಿಗೆ ಹೇಳುತ್ತಿದ್ದರು: "ಅವ್ರಿಗೆ ಇನ್ನೊಂದು ಒಬ್ಬಟ್ಟು ಆಕಮ್ಮಿ." ನಾನು ಸಾಕು ಎಂದರೆ ಎರಡು ಬೀಳುತ್ತಿದ್ದವು.

ಲೆನ್ಸ್ ನೆನೆಹಾಕುವ ದ್ರಾವಣದ ಬಾಟಲಿಯನ್ನು ಮನೆಯಲ್ಲೇ ಮರೆತು ಬಂದಿದ್ದೆ. ಸಂಜೆ ಹೆಂಡತಿಯ ಹತ್ತಿರ ಆ ಪೇಚಾಟ ಹೇಳಿಕೊಂಡೆ. ಬಾಗಿಲ ಹಿಂದಿನವರಿಗೆ ಕೇಳಿಸಿತು. ಎರಡೇ ನಿಮಿಷದಲ್ಲಿ ಎರಡು ಪುಟ್ಟ ಬೆಳ್ಳಿ ಬಟ್ಟಲು ಬಂದವು, ಒಂದೊಂದು ಕಣ್ಣಿಗೆ ಒಂದೊಂದು. ಅವುಗಳಲ್ಲಿ ತಾಮ್ರದ ಹಂಡೆಯ ನೀರು. "ತಾಮ್ರದ್ ನೀರು ಅಂದ್ರೆ ಔಷ್ದಿ ಕಣಮ್ಮಿ, ಅವ್ರಿಗೇಳು. ಬಾಟ್ಲಿ ನೀರ್ ಯಾತಕ್ಕೆ?"

ಲೆನ್ಸಿಗೆ ಯಾವ ನೀರೂ ತಾಗಬಾರದು ಎಂದು ಕನ್ನಡಕದಂಗಡಿಯವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಅತ್ತೆ ಮನೆಯ ಬೆಳ್ಳಿ ಬಟ್ಟಲನ್ನು ಹಿಂದಕ್ಕೆ ಕಳಿಸುವ ಹೊಸ ಅಳಿಯ ಎಲ್ಲಾದರೂ ಇದ್ದಾನೆಯೇ? ಉಬ್ಬಿಹೋಗಿ ಮೂರು ದಿನವೂ ಅದರಲ್ಲೇ ನೆನೆಹಾಕಿದೆ.

ಕೆಲವು ದಿನಗಳಲ್ಲೇ ಬಲಗಣ್ಣು ಕೆಂಪಾಯಿತು. "ಮದ್ರಾಸ್ ಐ ಕಣಿ ಸಾ, ನಾಕ್ ದಿನ ಇದ್ದು ಓಯ್ತದೆ ಬುಡಿ" ಎಂದ ನಮ್ಮ ಶಾಲೆಯ ಜವಾನ. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಹನಿ ಹಾಕಿದೆ, ನಂದಿಬಟ್ಟಲು ಹೂವನ್ನು ಕಣ್ಣ ಮೇಲೆ ಇಟ್ಟುಕೊಂಡು ಮಲಗಿದೆ. ನೋವು ಏರುತ್ತಲೇ ಹೋಯಿತು. ಬೆಳಕು ಕಂಡರೆ ಚುಚ್ಚಿದಂತಾಗುತ್ತಿತ್ತು. ಒಂದು ಬೆಳಿಗ್ಗೆ ಎಡಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿದರೆ ಬರೀ ಬಿಳಿ ಮಂಜು. ಆವತ್ತೇ ಹೆಂಡತಿಯನ್ನು ಕರೆದು ವಿಷಯ ಹೇಳಿದೆ.

ಸುದ್ದಿ ಕೇಳಿ ಅತ್ತೆಯೂ ಓಡಿಬಂದು ನಮ್ಮ ಜೊತೆ ಮೈಸೂರಿನ ಕಣ್ಣಾಸ್ಪತ್ರೆಗೆ ಹೊರಟರು. ಬಸ್ಸಿನಲ್ಲಿ ನನಗಿಂತ ಮೂರು ಸೀಟು ಹಿಂದೆ ಕೂತರು, ಅದು ಬೇರೆ ಮಾತು. ಡಾಕ್ಟರಮ್ಮ ಯಂತ್ರದಲ್ಲಿ ಕಣ್ಣು ನೋಡಿ ಕೇಳಿದರು, "ಲೆನ್ಸನ್ನ ಯಾವತ್ತಾದರೂ ನೀರಿನಲ್ಲಿ ಇಟ್ಟಿದ್ದಿರಾ?"

ಅತ್ತೆ ಬಾಗಿಲ ಬಳಿಯೇ ನಿಂತಿದ್ದರು. "ಇಲ್ಲ ಮೇಡಂ" ಎಂದುಬಿಟ್ಟೆ. ಹೆಂಡತಿ ನೆಲ ನೋಡಿದಳು. ಹಾಗಾದರೆ ವೈರಸ್ ಸೋಂಕಿರಬೇಕು ಎಂದು ಡಾಕ್ಟರಮ್ಮ ಚೀಟಿ ಬರೆಯತೊಡಗಿದರು.

"ಸುಳ್ಳು ಕಣವ್ವ!" ಎಂದು ಅತ್ತೆ ಒಳಗೇ ಬಂದುಬಿಟ್ಟರು. "ನಾನೇ ಅಂಡೆ ನೀರ್ ಕೊಟ್ಟಿದ್ದು. ಮೂರ್ ದಿನ ಅದ್ರಲ್ಲೇ ನೆನೆ ಆಕವ್ರೆ." ಆಮೇಲೆ ಸೀದಾ ನನ್ನ ಕಡೆ ತಿರುಗಿದರು. "ನನ್ ಮರ್ವಾದೆ ಉಳ್ಸಕೆ ಓಗಿ ಕಣ್ಣೇ ಕಳ್ಕಂಡೀರಾ? ಯಾವ್ ಸೀಮೆ ಮೇಷ್ಟ್ರು ನೀವು!" ಮದುವೆಯಾದ ಮೇಲೆ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತೇ ಬೈಗುಳ.

ಡಾಕ್ಟರಮ್ಮ ಚೀಟಿ ಹರಿದುಹಾಕಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ಒಂಚೂರು ಕೆರೆದು ಪರೀಕ್ಷೆಗೆ ಕಳಿಸಿದರು. ಸಿಕ್ಕಿದ್ದು ಅಮೀಬಾ. ಬಾವಿ, ಟ್ಯಾಂಕು, ನಲ್ಲಿ, ಮಣ್ಣು, ಎಲ್ಲೆಲ್ಲೂ ಅದು ಇರುತ್ತದಂತೆ; ಲೆನ್ಸಿಗೆ ಅಂಟಿಕೊಂಡು ಬಂದರೆ ಕಣ್ಣಿನಲ್ಲೇ ಬಿಡಾರ ಹೂಡುತ್ತದಂತೆ. ಕುಡಿಯಲು ಒಳ್ಳೆಯ ನೀರಾದ ಮಾತ್ರಕ್ಕೆ ಲೆನ್ಸಿಗೆ ಒಳ್ಳೆಯದಲ್ಲ ಎಂದರು. "ಇವರು ಹೇಳದೇ ಇದ್ದಿದ್ದರೆ ಇನ್ನಷ್ಟು ದಿನ ತಪ್ಪು ಔಷಧಿ ಹಾಕುತ್ತಿದ್ದೆವು. ದೃಷ್ಟಿ ಎಷ್ಟು ಬರುತ್ತದೋ ಈಗಲೇ ಹೇಳಲಾರೆ."

ಗಂಟೆಗೊಂದು ಸಲ ಹನಿ ಹಾಕಬೇಕಿತ್ತು. ಹೆಂಡತಿ ಕೆಲಸಕ್ಕೆ ಹೋಗುವವಳು. ಅತ್ತೆ ಗುಂಡ್ಲುಪೇಟೆಯಲ್ಲೇ ಠಿಕಾಣಿ ಹೂಡಿದರು. ಅಲಾರಂ ಬಡಿಯುವುದಕ್ಕೆ ಮುಂಚೆಯೇ ಕೈ ತೊಳೆದು ಬಂದು ನಿಲ್ಲುತ್ತಿದ್ದರು. ಮೊದಲ ದಿನ ಮುಖ ಅತ್ತ ತಿರುಗಿಸಿಕೊಂಡೇ ಹಾಕಲು ಹೋಗಿ ನನ್ನ ಮೀಸೆಗೆ ಹಾಕಿದರು. ಎರಡನೇ ದಿನದಿಂದ ಹೆಬ್ಬೆರಳಲ್ಲಿ ರೆಪ್ಪೆ ಎತ್ತಿ, "ಮಿಟುಕಿಸ್ಬ್ಯಾಡಿ ಅಂದ್ರೆ ಕೇಳಕಿಲ್ವಾ?" ಎಂದು ಗದರುವುದೂ ಶುರುವಾಯಿತು. ನನಗೆ ಆ ಗದರಿಕೆ ಬಹಳ ಹಿಡಿಸಿತ್ತು.

ಹೀಗೇ ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅವರು ಬಾಗಿ ರೆಪ್ಪೆ ಎತ್ತಿದಾಗ ನಾನು ಎಡಗಣ್ಣು ಮುಚ್ಚಿಕೊಂಡಿದ್ದೆ. ಮಂಜಿನೊಳಗಿಂದ ಏನೋ ಕೆಂಪಗೆ ಮಿಂಚಿತು.

"ಅತ್ತೆ, ನಿಮ್ಮ ಮೂಗುಬೊಟ್ಟಿನದು ಕೆಂಪು ಕಲ್ಲಾ?"

ಅವರ ಕೈ ಅಲ್ಲೇ ನಿಂತಿತು. "ಊಂ. ಯಾವ್ ಕಣ್ಣಲ್ ನೋಡ್ತಿದ್ದೀರಿ?"

"ಬಲಗಣ್ಣಲ್ಲಿ. ಅದರ ಪಕ್ಕದ ಒಂದು ಕಲ್ಲು ಉದುರಿದೆಯಲ್ಲ?"

"ಅಯ್ಯೋ ನನ್ನಪ್ಪಾ, ಅದೂ ಕಾಣ್ತದಾ?" ಎಂದವರೇ ಮಂಚದ ಅಂಚಿನಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟರು. ಆ ಹೊತ್ತಿನ ಹನಿ ನನ್ನ ಕಿವಿಗೆ ಬಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.